ತೆಂಗಿನೆಣ್ಣೆಯ ಗ್ರಾಮೋಫೋನು

ವರದೂರಿನ ಅನಂತರಾಜನ ಮನೆಗೆ ಹೋದವರು ಜಗಲಿಯಲ್ಲೇ ಕೂರಬೇಕು, ಒಳಗೆ ಜಾಗವಿಲ್ಲ. ಇದ್ದಬದ್ದ ಜಾಗವನ್ನೆಲ್ಲ ಮೂವತ್ತೊಂದು ಗ್ರಾಮೋಫೋನುಗಳು ನುಂಗಿ ಕೂತಿವೆ. ಕಹಳೆ ಇರುವುದು, ಇಲ್ಲದ್ದು, ಮುಚ್ಚಳ ಕಳೆದುಕೊಂಡದ್ದು. ಕಾಫಿ ಮೆಣಸು ನೋಡಿಕೊಂಡಿರಬೇಕಾದ ಜೈನರ ಮನೆಯ ಗಂಡಸು ಹೀಗೆ ತುಕ್ಕು ಹಿಡಿದ ಪೆಟ್ಟಿಗೆಗಳ ಹಿಂದೆ ಬಿದ್ದರೆ ಹೆಂಡತಿಯಾದವಳು ಏನು ಮಾಡಬೇಕು, ನೀವೇ ಹೇಳಿ! ಕುಸುಮಾವತಿ ಮೊದಮೊದಲು ಜಗಳವಾಡಿದಳು. ಆಮೇಲೆ ಅವನ್ನು ಒರೆಸತೊಡಗಿದಳು. ಈಗ ಸೂಜಿ ಡಬ್ಬಿ ಎಲ್ಲಿದೆಯೆಂದು ಅವಳನ್ನೇ ಕೇಳಬೇಕು.

ಸತ್ತುಬಿದ್ದ ಪೆಟ್ಟಿಗೆಯೊಂದು ಕೆಮ್ಮಿ ಕೆಮ್ಮಿ ಹಾಡತೊಡಗಿದರೆ ಸಾಕು, ಅನಂತರಾಜನಿಗೆ ಆವತ್ತು ಊಟ ಬೇಡ. ಅಂಥ ಸುಖಿ. ಆದರೆ ಒಂದು ಹಟ: ಗ್ರೀಸು ಮುಟ್ಟುವವನಲ್ಲ. ಗ್ರೀಸೆಂದರೆ ಪ್ರಾಣಿಯ ಕೊಬ್ಬು ಎಂದು ಅಜ್ಜಿ ಚಿಕ್ಕಂದಿನಲ್ಲೇ ಅವನ ತಲೆಗೆ ತುಂಬಿದ್ದಳು. ಹಾಗಾಗಿ ಪ್ಲೇಟಿನ ತಟ್ಟೆ ತಿರುಗಿಸುವ ಸ್ಪ್ರಿಂಗಿಗೆ ಮೂವತ್ತು ವರ್ಷದಿಂದಲೂ ಮನೆಯ ತೆಂಗಿನೆಣ್ಣೆಯೇ. ಧನುರ್ಮಾಸದ ಚಳಿಯಲ್ಲಿ ಹಾಡು ಎಳೆದಾಡುತ್ತಿತ್ತು, ನಿಜ. "ವಯಸ್ಸಾಯ್ತಲ್ಲ ಪಾಪ, ಬಿಸಿಲೇರಲಿ" ಎಂದು ಅಂಗಳದಲ್ಲಿಡುತ್ತಿದ್ದ. ಬಿಸಿಲಿಗೆ ಸರಿಹೋಗುತ್ತಿತ್ತು. ಸರಿಹೋದ ಮೇಲೆ ಕಾರಣ ಯಾರು ಹುಡುಕುತ್ತಾರೆ?

ಹೋದ ಧನುರ್ಮಾಸದಲ್ಲೊಂದು ದಿನ, ಮಂಜು ಇನ್ನೂ ಅಂಗಳದಲ್ಲೇ ಕೂತಿದ್ದಾಗ, ಗಡಿಯಂಚಿನ ಊರು ಬಾವಲಿಯಿಂದ ಎರಡು ಬಸ್ಸು ಬದಲಿಸಿ ಕಾರ್ತ್ಯಾಯಿನಿಯಮ್ಮ ಬಂದರು. ಎಂಬತ್ತರ ಹತ್ತಿರದ ಜೀವ. ಹಳೇ ಸೀರೆಯಲ್ಲಿ ಸುತ್ತಿಕೊಂಡು ಒಂದೇ ಒಂದು ಹಾಡಿನ ಪ್ಲೇಟು ತಂದಿದ್ದರು.

"ಮೋನೇ, ಇದ್ರಲ್ಲಿ ನನ್ನ ಅಮ್ಮ ಉಂಟು" ಎಂದರು, ಮಗನೇ ಎಂದು ಕರೆಯುವ ಮಲಯಾಳ ಬೆರೆಸಿದ ಕನ್ನಡದಲ್ಲಿ.

ಅಮ್ಮ ಸರಗೂರಿನ ಕಡೆಯವಳು. ನಾಟಕದ ಕಂಪನಿಯಲ್ಲಿ ಹಾಡುತ್ತಿದ್ದಳು, ಒಂದು ಪ್ಲೇಟಿಗೂ ಹಾಡಿದ್ದಳು. ಬಾವಲಿಗೆ ಮದುವೆಯಾಗಿ ಬಂದು, ಮಗಳನ್ನು ಹೆತ್ತು, ತಿಂಗಳೊಳಗೆ ತೀರಿಕೊಂಡಳು. ಒಂದು ಫೋಟೋ ಕೂಡ ಇಲ್ಲ. ಮೊನ್ನೆ ಸೋದರಮಾವನ ಮನೆಯ ಅಟ್ಟ ಗುಡಿಸುವಾಗ ಈ ಪ್ಲೇಟು ಸಿಕ್ಕಿತಂತೆ.

"ಅವಳ ಸ್ವರ ಹೆಂಗಿತ್ತು ಅಂತ ಒಂದ್ಸಲ ಕೇಳ್ಬೇಕು. ಅಷ್ಟೇ ಮತಿ, ಅಷ್ಟೇ ಸಾಕು ನಂಗೆ, ಬೇರೇನೂ ಬೇಡ."

ಅನಂತರಾಜನಿಗೆ ಸಂಭ್ರಮದಲ್ಲಿ ಚಳಿಯೂ ನೆನಪಾಗಲಿಲ್ಲ, ಮಂಜೂ ಕಾಣಲಿಲ್ಲ. ಇದ್ದುದರಲ್ಲೇ ಚೆಂದದ ಕಹಳೆಯ ಗ್ರಾಮೋಫೋನು ತಂದಿಟ್ಟು, ಕೀ ಕೊಟ್ಟು, ಸೂಜಿ ಇಳಿಸಿದ. ಹೊರಟದ್ದು ಗಂಡಸಿನ ಗೊಗ್ಗರು ದನಿ! ಒಂದೊಂದು ಮಾತನ್ನೂ ಎಳೆದು ಎಳೆದು, ನಿದ್ದೆಗಣ್ಣಿನಲ್ಲಿ ಗೊಣಗಿದಂತೆ. ಅವನು ತಟ್ಟನೆ ಸೂಜಿ ಎತ್ತಿದ.

ಮುದುಕಿಯ ಮುಖ ಸಪ್ಪಗಾಯಿತು. "ಹೀಗಿತ್ತಾ? ನಾನು ಬೇರೆ ಏನೋ ಅಂದ್ಕೊಂಡಿದ್ದೆ. ಸಾರಮಿಲ್ಲ, ಪರವಾಗಿಲ್ಲ ಮೋನೇ. ಕೇಳಿದ್ದಾಯ್ತಲ್ಲ" ಎಂದು ಪ್ಲೇಟು ಸುತ್ತಿ ತಂದ ಸೀರೆ ಮಡಚತೊಡಗಿದರು.

"ಅಯ್ಯೋ, ಇದು ಅವರ ಸ್ವರ ಅಲ್ಲಮ್ಮ! ತಪ್ಪು ಪೆಟ್ಟಿಗೇದು. ಕೂತ್ಕೊಳ್ಳಿ."

ಹೇಳಿದನೇನೋ ಸರಿ, ತಪ್ಪು ಎಲ್ಲಿದೆಯೆಂದು ಅವನಿಗೇ ಗೊತ್ತಿಲ್ಲ. ಇವರು ಹೀಗೇ ಬಸ್ಸು ಹತ್ತಿದರೆ ಕೊನೆಯುಸಿರಿನವರೆಗೂ ಆ ಗೊಗ್ಗರೇ ಇವರ ಅಮ್ಮ.

ತಲೆಗೆ ಹಾಕುವ ಎಣ್ಣೆಯ ಬಾಟಲಿಯನ್ನು ಒಲೆಯ ಪಕ್ಕ ಇಡಲು ಒಯ್ಯುತ್ತಿದ್ದ ಕುಸುಮಾವತಿ ಅಲ್ಲೇ ನಿಂತಳು. "ರೀ, ಬಾಟಲೀಲಿರೋ ಎಣ್ಣೇನೇ ಕಲ್ಲಾಗಿದೆ. ನಿಮ್ಮ ಪೆಟ್ಟಿಗೆ ಹೊಟ್ಟೇಲಿರೋದು ನೀರಾಗಿರುತ್ತಾ?"

ಅನಂತರಾಜ ನಾಲಿಗೆ ಕಚ್ಚಿಕೊಂಡ. ಎಣ್ಣೆ ಹೆಪ್ಪುಗಟ್ಟಿ ತಟ್ಟೆ ನಿಧಾನವಾಗಿ ತಿರುಗಿದರೆ ಹೆಣ್ಣಿನ ಸ್ವರವೂ ಗಂಡಸಿನ ಗೊಗ್ಗರೇ ಆಗುತ್ತದಲ್ಲ! ಬಿಸಿಲಿಗಿಡೋಣವೆಂದರೆ ಬಿಸಿಲಿಲ್ಲ, ಮರದ ಪೆಟ್ಟಿಗೆಯನ್ನು ಒಲೆಗೆ ಹಿಡಿಯುವ ಹಾಗಿಲ್ಲ. ನೇರ ಜೀಪು ರಿಪೇರಿಯ ಅಜೀಶನ ಶೆಡ್ಡಿಗೆ ನಡೆದ.

"ನಿಜ ಹೇಳೋ, ಈ ಗ್ರೀಸಲ್ಲಿ ಏನೇನುಂಟು?"

"ನೆಲದಡಿಯ ಎಣ್ಣೆ, ಸ್ವಲ್ಪ ಹರಳೆಣ್ಣೆ. ನಾನು ತರೋ ಡಬ್ಬೀಲಿ ಪ್ರಾಣಿ ಒಂದೂ ಇಲ್ಲ ಏಟ್ಟಾ, ನನ್ನಣ್ಣಾ" ಎಂದು ಅಜೀಶ ಹೊಟ್ಟೆ ಹಿಡಿದು ನಕ್ಕ. "ಇದನ್ನ ಕೇಳೋಕೆ ಮೂವತ್ತು ವರ್ಷ ಬೇಕಾಯ್ತಾ?"

ನಗಲಿ ಬಿಡಿ, ನಗುವಂಥದ್ದೇ. ಅನಂತರಾಜ ಸ್ಪ್ರಿಂಗು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಜೀವನದಲ್ಲಿ ಮೊದಲ ಸಲ ಗ್ರೀಸು ಸವರಿದ. ತಿರುಗುವ ತಟ್ಟೆಗೆ ಕಾಗದದ ಚೂರು ಅಂಟಿಸಿ, ಗಡಿಯಾರ ನೋಡುತ್ತ, ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ಬರುವತನಕ ವೇಗ ತಿದ್ದಿದ. ಮೊದಲು ತನ್ನದೇ ಹಳೆಯ ಪ್ಲೇಟು ಹಾಕಿ ಪರೀಕ್ಷಿಸಿದ. ಅಷ್ಟರಲ್ಲಿ ಕುಸುಮಾವತಿ ಕಾರ್ತ್ಯಾಯಿನಿಯಮ್ಮನಿಗೆ ಬಿಡದೆ ಊಟಕ್ಕಿಕ್ಕಿದಳು.

ಮಧ್ಯಾಹ್ನ ಎರಡು ಗಂಟೆಗೆ ಮತ್ತೆ ಸೂಜಿ ಇಳಿಯಿತು. ಹಿರಿಯರ ಮುಂದೆ ನಿಲ್ಲುವವರ ಹಾಗೆ ಕಾರ್ತ್ಯಾಯಿನಿಯಮ್ಮ ಕೈಮುಗಿದು ಕೂತಿದ್ದರು. ಚರಪರ ಸದ್ದು. ಅದರ ಹಿಂದೆಯೇ ತೆಳ್ಳನೆಯ, ಅವಸರದ ಸ್ವರವೊಂದು ಹಾರಿಬಂತು. ಚರಣದ ನಡುವೆ ಉಸಿರು ಸಾಲದೆ ತಡವರಿಸಿ, ನಗು ತಡೆದುಕೊಂಡಂತೆ ಮುಂದೆ ಓಡಿತು.

ಮುಗಿದ ಕೈ ಸಡಿಲವಾಯಿತು. "ಅಯ್ಯೋ, ಇವಳು ಚೆರಿಯ ಕುಟ್ಟಿ! ಚಿಕ್ಕ ಹುಡುಗಿ!" ಎಂದರು ಅವರು. "ನನ್ನ ಮೊಮ್ಮಗಳಿಗಿಂತ ಎಳೆಯವಳು. ನಾನು ಇಷ್ಟು ವರ್ಷ ದೊಡ್ಡ ಹೆಂಗಸು ಅಂದ್ಕೊಂಡಿದ್ನಲ್ಲ!"

ಹಾಡು ಮುಗಿಯಿತು. ಕುಸುಮಾವತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುದುಕಿ ಅಳಲಿಲ್ಲ. ಕಹಳೆಯ ಅಂಚನ್ನು ಒಮ್ಮೆ ಸವರಿ, ಅದರೊಳಗೆ ಬಾಗಿ, "ಹೆದರಬೇಡ, ಚೆನ್ನಾಗಿ ಹಾಡ್ತೀಯ. ಇನ್ನೊಂದ್ಸಲ ಹಾಡು ಮಗಳೇ" ಎಂದರು.

ಅನಂತರಾಜ ಹೊಸ ಸೂಜಿ ಹಾಕಿ ಕೀ ಕೊಟ್ಟ.