ಸಾಸಿವೆ ಸಿಡಿಯದ ಅಡುಗೆ

ವಿಜಯಪುರದ ಗಂಗಲಕ್ಷ್ಮಮ್ಮನ ಅಡುಗೆಮನೆಯಲ್ಲಿ ಸಾಸಿವೆ ಸಿಡಿಯದೇ ಇದ್ದದ್ದು ಗಂಡ ತೀರಿಕೊಂಡಾಗಿನ ಹನ್ನೊಂದು ದಿನ ಮಾತ್ರ. ಸೂತಕದ ಮನೆಯಲ್ಲಿ ಒಗ್ಗರಣೆ ಹಾಕುವ ಹಾಗಿಲ್ಲ. ಒಗ್ಗರಣೆ ಬೀಳದ ಸಾರು ಕಂಡರೆ ಆಕೆಗೆ ಈಗಲೂ ಆ ದಿನಗಳೇ ಕಣ್ಣಮುಂದೆ ಬರುತ್ತವೆ. ಮಿಕ್ಕಂತೆ ಇಪ್ಪತ್ತು ವರ್ಷ ರೇಷ್ಮೆ ನೂಲು ತೆಗೆದು ಮಗನನ್ನು ಓದಿಸಿದ, ಸುಲಭಕ್ಕೆ ಹೆದರದ ಹೆಂಗಸು.

ಸೊಸೆ ರಮ್ಯ ಬಸುರಿಯಾದಾಗ ಮಾತ್ರ ಆಕೆ ಹೆದರಿದಳು. ಎಣ್ಣೆಗೆ ಸಾಸಿವೆ, ಬೆಳ್ಳುಳ್ಳಿ ಬಿದ್ದು ವಾಸನೆ ಎದ್ದರೆ ಸಾಕು, ರಮ್ಯ ಹಿತ್ತಲಿಗೆ ಓಡುತ್ತಿದ್ದಳು. ಹೋದ ವರ್ಷ ಒಂದು ಕೂಸು ನಿಲ್ಲದೆ ಹೋಗಿತ್ತು. ಈ ಸಲ ಡಾಕ್ಟರು ತೂಕ ನೋಡಿ, ಹೀಗೇ ಇಳಿದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದಿದ್ದರು. ಒಗ್ಗರಣೆ ಬಿಟ್ಟು ಮಾಡಮ್ಮ ಎಂದ ಮಗ ಮುನಿರಾಜನ ಮೇಲೆ ಗಂಗಲಕ್ಷ್ಮಮ್ಮ ಉರಿದುಬಿದ್ದಳು. ಬಸುರಿ ಹೆಂಗಸಿಗೆ ಸಾವಿನ ಮನೆ ಊಟ ಬಡಿಸುವ ಕೈ ತನ್ನದಲ್ಲ ಎಂದಳು.

ದಾರಿ ತೋರಿಸಿದವಳು ಮಹಡಿ ಮನೆಯ ಬಾಡಿಗೆಯ ಹುಡುಗಿ ಯಶಸ್ವಿನಿ. ಅವಳಿಗೆ ಹತ್ತಿರದ ವಿಮಾನ ನಿಲ್ದಾಣದಲ್ಲಿ, ವಿಮಾನಗಳಿಗೆ ಊಟ ಕಟ್ಟುವ ಅಡುಗೆಮನೆಯಲ್ಲಿ ಕೆಲಸ. ಜಪಾನಿನವರು ಅಕ್ಕಿಯನ್ನು ಏಳು ಪಟ್ಟು ನೀರಿನಲ್ಲಿ ಮೆತ್ತಗೆ ಬೇಯಿಸಿ, ಉಪ್ಪು, ಚೂರು ಶುಂಠಿ ಹಾಕಿ ಉಣ್ಣುತ್ತಾರೆ. ಮೆಕ್ಸಿಕೋದವರು ಬೆಣ್ಣೆಹಣ್ಣು ಕಿವುಚಿ ನಿಂಬೆರಸ ಹಿಂಡುತ್ತಾರೆ. ಗ್ರೀಸಿನವರು ಗಟ್ಟಿ ಮೊಸರಿಗೆ ಸೌತೆಕಾಯಿ, ಪುದೀನ ಕಲಸುತ್ತಾರೆ ಎಂದು ವಿವರಿಸಿದಳು. ಒಂದಕ್ಕೂ ಒಗ್ಗರಣೆ ಇಲ್ಲ.

"ಅವ್ರ ಕಡೆ ಹಬ್ಬಕ್ಕೂ ಇಂಗೇ ಮಾಡ್ತಾರೆ ಆಂಟಿ. ಅವ್ರ ಅಡುಗೆಗೆ ನಮ್ಮ ಸೂತಕ ಎಂಗ್ ತಗಲುತ್ತೆ?"

ಮಾತು ಸರಿ ಎನಿಸಿತು. ಮಾರನೇ ಬೆಳಗ್ಗೆ ಜಪಾನಿನ ಗಂಜಿ ಒಲೆಯೇರಿತು. ಆದರೆ ನಲವತ್ತು ವರ್ಷ ಪಳಗಿದ ಕೈ ಹೇಳಿದ ಮಾತು ಕೇಳಬೇಕಲ್ಲ. ಇಳಿಸುವ ಹೊತ್ತಿಗೆ ಅದರ ಪಾಡಿಗೆ ಅದು ಸೌಟಿನಲ್ಲಿ ಎಣ್ಣೆ ಕಾಯಿಸಿ, ಸಾಸಿವೆ ಕರಿಬೇವು ಸಿಡಿಸಿ ಗಂಜಿಗೆ ಚುಂಯ್ ಎನಿಸಿಬಿಟ್ಟಿತು. ರಮ್ಯ ಬಾಯಿ ಮುಚ್ಚಿಕೊಂಡು ಓಡಿದಳು. ಹೊಟ್ಟೆಯೊಳಗಿನ ಕೂಸನ್ನು ತನ್ನ ಕೈಯೇ ಉಪವಾಸ ಕೆಡವುತ್ತಿದೆ ಎಂದು ಗಂಗಲಕ್ಷ್ಮಮ್ಮ ಕೂತು ಅತ್ತಳು. ಆಮೇಲೆ ಎದ್ದು ಒಗ್ಗರಣೆ ಸೌಟು, ಸಾಸಿವೆ ಡಬ್ಬಿ ಎರಡನ್ನೂ ಮಹಡಿಗೆ ಒಯ್ದು, ತಾನೇ ಬಂದು ಕೇಳಿದರೂ ಕೊಡಬೇಡ ಎಂದು ಯಶಸ್ವಿನಿಗೆ ಒಪ್ಪಿಸಿ ಬಂದಳು. ಗಂಜಿಗೆ ಮತ್ತೆ ನೀರಿಟ್ಟಳು.

ರಮ್ಯ ಒಂದು ಬಟ್ಟಲು ಉಂಡಳು. ಗಂಟೆ ಕಳೆದರೂ ಹಿತ್ತಲಿನ ಕಡೆ ತಿರುಗಲಿಲ್ಲ. ಮಧ್ಯಾಹ್ನ ಬೆಣ್ಣೆಹಣ್ಣೂ ನಿಂತಿತು, ಸಂಜೆ ಮೊಸರೂ ನಿಂತಿತು. ಒಂದು ತಿಂಗಳು ಕಳೆಯುವಷ್ಟರಲ್ಲಿ ತೂಕ ಎರಡು ಕೆಜಿ ಏರಿತ್ತು. ಆಸ್ಪತ್ರೆಯಿಂದ ಬಂದ ಗಂಗಲಕ್ಷ್ಮಮ್ಮ ಸೀದಾ ಮಹಡಿ ಹತ್ತಿ ಯಶಸ್ವಿನಿಯ ಎರಡೂ ಕೈ ಹಿಡಿದುಕೊಂಡಳು. ಆ ಗಂಜಿಯನ್ನು ಮೊದಲು ಬೇಯಿಸಿದ, ತಾನು ಕಂಡರಿಯದ ಹೆಂಗಸು ಯಾರೇ ಇರಲಿ, ಅವಳ ಮನೆ ತಣ್ಣಗಿರಲಿ ಎಂದು ಹರಸಿದಳು.

ಕೆಳಗೆ ಬಂದಾಗ ರಮ್ಯ ಕೇಳಿದಳು, "ಅತ್ತೆ, ಇವ್ರು ಹೊಟ್ಟೇಲಿದ್ದಾಗ ನಿಮಗೂ ಹಿಂಗೇ ಆಗಿತ್ತಾ?"

"ಆಗಿತ್ತು ಕಣವ್ವ, ಐದು ತಿಂಗಳು. ಇವತ್ತಿನವರೆಗೂ ಯಾರೂ ಕೇಳಿರ್ಲಿಲ್ಲ. ನೀನೇ ಮೊದಲು."

ರಮ್ಯ ತಟ್ಟೆ ಹಾಕಿದಳು. ಅತ್ತೆಯನ್ನು ಕೂರಿಸಿ, ತಾನೇ ಬಡಿಸಿ, ಉಂಡು ಮುಗಿಸುವವರೆಗೂ ಪಕ್ಕದಲ್ಲೇ ಕೂತಿದ್ದಳು.