ಮನೆದೇವರ ಹೆಸರಿನ ಬೀಗ

ಜೇವರ್ಗಿಯ ಡಾಕ್ಟರ್ ಬುರಾನುದ್ದೀನರ ದವಾಖಾನೆಗೆ ಹೋದವರು ಮೊದಲು ಬೈಸಿಕೊಳ್ಳುತ್ತಿದ್ದುದು ಶಿವಕಾಂತಾಳಿಂದ. ಚಪ್ಪಲಿ ಹೊರಗೆ ಬಿಡದಿದ್ದರೆ ಬೈಗುಳ, ಬೆಂಚಿನ ಮೇಲೆ ಕೂತು ಎಲೆ ಅಡಿಕೆ ಜಗಿದರೆ ಬೈಗುಳ, ಗುಳಿಗೆ ತಪ್ಪಿಸಿದವರ ಗತಿಯಂತೂ ಕೇಳಲೇಬೇಡಿ. ನಾನೂ ಬೇಕಾದಷ್ಟು ಬೈಸಿಕೊಂಡಿದ್ದೇನೆ. ಅವಳು ಹತ್ತಿರದ ಇಜೇರಿ ಊರಿನ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಇಲ್ಲಿ ಔಷಧ ಕೊಡುವ ಕೆಲಸಕ್ಕೆ ಸೇರಿದಳು. ಅವಳಿದ್ದಾಳೆ ಎಂಬ ಧೈರ್ಯದಿಂದಲೇ ಇಜೇರಿಯ ಹೆಂಗಸರು ಗಂಡಸು ಡಾಕ್ಟರ ಮುಂದೆ ಬಾಯಿ ಬಿಡುತ್ತಿದ್ದರು.

ತೊಂಬತ್ತೇಳರಲ್ಲಿ ಡಾಕ್ಟರು ಹೈದರಾಬಾದಿನಿಂದ ಒಂದು ಕಂಪ್ಯೂಟರ್ ತರಿಸಿದರು. ರೋಗಿಗಳ ಹೆಸರು, ಕಾಯಿಲೆ, ಕೊಟ್ಟ ಗುಳಿಗೆ ಎಲ್ಲ ಇನ್ನು ಅದರೊಳಗೇ ಇರಬೇಕು ಎಂದರು. ಶಿವಕಾಂತಾ ಹಟ ಹಿಡಿದು ಟೈಪ್ ಮಾಡುವುದನ್ನು ಕಲಿತಳು. ಆಮೇಲೆ ಆ ಯಂತ್ರಕ್ಕೆ ಅವಳು ಮಾಡಿದ ಆರೈಕೆ ಬಾಣಂತಿಗೂ ಯಾರೂ ಮಾಡಿರಲಿಕ್ಕಿಲ್ಲ. ಕಸೂತಿ ಹಾಕಿದ ಹೊದಿಕೆ, ಸೋಮವಾರಕ್ಕೊಮ್ಮೆ ವಿಭೂತಿ, ಸಂಜೆ ಕೋಣೆಗೆ ಬೀಗ, ಬೀಗದ ಕೈ ಸೊಂಟದಲ್ಲಿ. ನೆಗಡಿಯಾದವರು ಅದರ ಹತ್ತಿರ ಸುಳಿಯುವಂತಿರಲಿಲ್ಲ. ಧೂಳಿನಿಂದ, ಇಲಿಯಿಂದ, ಸೀನಿನಿಂದ ಅದನ್ನು ಕಾಪಾಡಿದಳು. ಮನುಷ್ಯರಿಂದ ಕಾಪಾಡುವುದೊಂದು ಉಳಿದುಹೋಯಿತು.

ಡಾಕ್ಟರು ಹೇಳದೇ ಇರಲಿಲ್ಲ. "ಶಿವಕಾಂತಾ, ಇದಕ್ಕ ಒಂದು ಗುಪ್ತ ಹೆಸರ ಹಾಕು. ಆ ಹೆಸರ ಬಡಿದ್ರ ಮಾತ್ರ ಇದು ತೆರೀತದ. ನೀ ಅದನ್ನ ಮರೀಬಾರ್ದು, ಇನ್ನೊಬ್ರಿಗೆ ಗೊತ್ತಾಗಬಾರ್ದು" ಎಂದಿದ್ದರು.

ಅವಳ ಕಿವಿಗೆ ಬಿದ್ದದ್ದು ಮರೆಯಬಾರದು ಎಂಬ ಅರ್ಧ ಮಾತ್ರ. ಸತ್ತರೂ ಮರೆಯದ ಹೆಸರು ಯಾವುದು? ಮನೆದೇವರದು. ವೀರಭದ್ರ ಎಂದು ಹಾಕಿದಳು. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ನಿಮ್ಮ ಹೆಸರು ಕೇಳುವ ಮೊದಲೇ "ನಿಮ್ಮ ಮನಿದೇವ್ರು ಯಾರ್ರಿ?" ಎಂದು ಕೇಳುತ್ತಾರೆ. ಹೇಳಲಿಕ್ಕೆ ನಮಗೂ ಸಂತೋಷ. ಹಾಗೆ ಊರಿಗೆಲ್ಲ ಗೊತ್ತಿದ್ದ ಹೆಸರನ್ನೇ ಅವಳು ಗುಟ್ಟೆಂದು ಇಟ್ಟಳು. ಅದೂ ಸಾಲದೆಂಬಂತೆ, ಕೆಲಸ ಶುರು ಮಾಡುವಾಗ ದೇವರ ಹೆಸರು ಹೇಳುವ ರೂಢಿ ಬೇರೆ. ಬೆಳಿಗ್ಗೆ ಯಂತ್ರದ ಮುಂದೆ ಕೂತು "ವೀರಭದ್ರಾ, ನೀನೇ ಗತಿಯಪ್ಪಾ" ಎಂದು ಗಟ್ಟಿಯಾಗಿ ಹೇಳುತ್ತ ಒಂದೊಂದೇ ಅಕ್ಷರ ಒತ್ತುತ್ತಿದ್ದಳು. ಪರದೆಯ ಮೇಲೆ ಬರೀ ಚುಕ್ಕಿಗಳು ಮೂಡುತ್ತಿದ್ದವು. ಬೆಂಚಿನ ಮೇಲಿದ್ದವರಿಗೆ ಮಾತ್ರ ಪೂರ್ತಿ ಹೆಸರು ಕೇಳಿಸುತ್ತಿತ್ತು.

ಇಜೇರಿಯ ಮಾಳಮ್ಮನ ಮಗಳು ಹೀರಾಬಾಯಿಗೆ ಚಿಕ್ಕಂದಿನಿಂದ ಮೂರ್ಛೆ ಬರುತ್ತಿತ್ತು. ಡಾಕ್ಟರ ಗುಳಿಗೆ ಶುರುವಾದ ಮೇಲೆ ನಿಂತಿತ್ತು. ಪ್ರತಿ ತಿಂಗಳು ಶಿವಕಾಂತಾ ಗುಳಿಗೆಗಳನ್ನು ಹಾಳೆಯಲ್ಲಿ ಕಟ್ಟಿ ಮಾಳಮ್ಮನ ಸೆರಗಿನೊಳಗೆ ಇಡುತ್ತಿದ್ದಳು. ವಿಷಯ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ವರ್ಷ ಹೀರಾಳಿಗೆ ಅತನೂರಿನ ಗಂಡು ನಿಶ್ಚಯವಾಯಿತು. ಗಂಡಿನ ಕಡೆಯವರಿಗೆ ಹೇಳಿಬಿಡಿ ಎಂದರು ಡಾಕ್ಟರು. ಮಾಳಮ್ಮ ಹೆದರಿದಳು. ಹೀರಾಳೇ, "ಹುಡುಗ ಬಂದಾಗ ನಾನ ಹೇಳ್ತೇನಿ ಬಿಡ್ರಿ" ಎಂದಳು. ಹೇಳುವುದಾದರೆ ಅದು ಅವಳ ಮಾತು, ಅವಳ ಬಾಯಿಂದಲೇ ಬರಬೇಕಿತ್ತು.

ಬರಲಿಲ್ಲ. ಹುಡುಗನ ಸೋದರಮಾವ ಶಾಂತಲಿಂಗಪ್ಪ ಎಂಬ ಹತ್ತಿ ವ್ಯಾಪಾರಿ, ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡ ದೊಡ್ಡ ಮನುಷ್ಯ, ಕೆಮ್ಮಿನ ನೆಪ ಮಾಡಿಕೊಂಡು ದವಾಖಾನೆಗೆ ಬಂದ. ಹೆಣ್ಣಿನ ಬಗ್ಗೆ ನಾಲ್ಕು ಕಡೆ ವಿಚಾರಿಸುವುದು ನಮ್ಮಲ್ಲಿ ಇದ್ದದ್ದೇ. ನೆರೆಯವರನ್ನು ಕೇಳುತ್ತಾರೆ, ಅಗಸರನ್ನು ಕೇಳುತ್ತಾರೆ. ಈ ಮಹಾಶಯ ಯಂತ್ರವನ್ನೇ ಕೇಳಿದ. ಬೆಳಿಗ್ಗೆ ಬಂದು ಬೆಂಚಿನ ಮೇಲೆ ಕೂತು ಅವಳ ಪ್ರಾರ್ಥನೆ ಕೇಳಿಸಿಕೊಂಡ. ಅವಳು ಬರೆಯುವುದು ಮುಗಿಸಿ ಯಂತ್ರಕ್ಕೆ ಹೊದಿಕೆ ಹೊದಿಸಿದ ಮೇಲೆ, ಕುಡಿಯಲು ಬಿಸಿನೀರು ಬೇಕು ಎಂದ. ಶಿವಕಾಂತಾ ಹಿತ್ತಲ ಸ್ಟೋವಿನ ಹತ್ತಿರ ಹೋಗಿ ಬರುವಷ್ಟರಲ್ಲಿ ಕಸೂತಿ ಹೊದಿಕೆ ಕುರ್ಚಿಯ ಮೇಲೆ ಮಡಚಿ ಇಟ್ಟಿತ್ತು. "ಧೂಳ ಇತ್ತವ್ವಾ, ಜಾಡಿಸಿದೆ" ಎಂದ. ಆ ಪುಣ್ಯಾತ್ಗಿತ್ತಿ ಅವನಿಗೆ ಉಪಕಾರವಾಯಿತು ಎಂದಳು!

ಮರುವಾರ ಸಂಬಂಧ ಮುರಿಯಿತು. ಸುಮ್ಮನೆ ಮುರಿದಿದ್ದರೆ ಬೇರೆ ಮಾತು. ಶಾಂತಲಿಂಗಪ್ಪ ಸಂತೆಯಲ್ಲಿ ನಿಂತು ಹೀರಾಳ ಮೂರ್ಛೆಯ ವಿಷಯ ಎಲ್ಲರಿಗೂ ಹೇಳಿ, "ಯಾರ್ನೂ ಕೇಳೂ ಜರೂರತ್ತೇ ಬೀಳಲಿಲ್ಲ, ವೀರಭದ್ರನೇ ಬಾಗಿಲಾ ತೆರದ" ಎಂದು ನಕ್ಕನಂತೆ. ಈ ಮಾತು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಒಂದು ಹುಡುಗಿಯ ಬಾಳು ಅವನಿಗೆ ತಮಾಷೆಯಾಗಿತ್ತು.

ಮಾಳಮ್ಮ ದವಾಖಾನೆಗೆ ಬಂದು ಬೆಂಚಿನವರೆಲ್ಲರ ಮುಂದೆ ಮಣ್ಣು ತೂರಿದಳು. "ನಿನ್ನ ನಂಬಿ ಹೇಳಿದೆನಲ್ಲೇ! ನನ್ನ ಮಗಳನ್ನ ಆ ಡಬ್ಬಿಯೊಳಗ ಹಾಕಿ ಊರಿಗೆಲ್ಲ ಹಂಚಿದಿ!" ಶಿವಕಾಂತಾ ಗುಳಿಗೆಯ ಪೊಟ್ಟಣ ತಂದು ಮುಂದೆ ಹಿಡಿದಳು. ಮಾಳಮ್ಮ ಆ ತಿಂಗಳ ಗುಳಿಗೆ ತೆಗೆದುಕೊಳ್ಳದೆ ಹೋದಳು.

ಆಗ ಡಾಕ್ಟರು ಶಿವಕಾಂತಾಳನ್ನು ಕರೆದು ಹೇಳಿದರು. "ಈ ಗುಳಿಗಿ ಒಮ್ಮೆಲೇ ಬಿಟ್ರ ಮೂರ್ಛೆ ಜೋರಾಗಿ ತಿರುಗಿ ಬರ್ತದ. ಜೀವಕ್ಕೇ ಅಪಾಯ. ಹ್ಯಾಂಗರ ಮಾಡಿ ಮುಟ್ಟಿಸು." ಇನ್ನೊಬ್ಬರ ಕೈಯಲ್ಲಿ ಕಳಿಸಿದರೆ ಮತ್ತೊಂದು ಬಾಯಿಗೆ ಸುದ್ದಿ. ತಾನೇ ಬಸ್ಸು ಹತ್ತಿ ಇಜೇರಿಗೆ ಹೋದಳು. ಬಾಗಿಲು ತೆರೆಯಲಿಲ್ಲ. ಮತ್ತೆ ಹೋದಳು. ಬಾಗಿಲ ಸಂದಿಯಿಂದ ತೂರಿಸಿದ ಪೊಟ್ಟಣ ಹಾಗೆಯೇ ಹೊರಗೆ ಬಂದು ಬಿತ್ತು. ಹುಟ್ಟಿದ ಊರಿನ ಹೆಂಗಸರು ಅವಳನ್ನು ಕಂಡರೆ ಸೆರಗು ಎಳೆದುಕೊಂಡು ಒಳಗೆ ಹೋಗುತ್ತಿದ್ದರು. ದವಾಖಾನೆಗೂ ಅವರು ಬರುವುದನ್ನು ಬಿಟ್ಟರು. ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಕೆಲಸ ಬಿಡುತ್ತೇನೆಂದು ಡಾಕ್ಟರ ಮುಂದೆ ಅತ್ತಳು. "ಬಿಟ್ಟು ಹೋದ್ರ ಹುಡುಗಿ ಬದುಕ್ತಾಳೇನು?" ಎಂದರು ಅವರು.

ಅಂದೇ ಅವಳು ಗುಪ್ತ ಹೆಸರನ್ನು ಬದಲಿಸಿದಳು. ಅದು ಯಾವ ದೇವರದೂ ಅಲ್ಲ, ಯಾವ ಊರಿನದೂ ಅಲ್ಲ ಎಂಬುದಷ್ಟೇ ನಮಗೆ ತಿಳಿದದ್ದು. ಬಾಯಿ ಬಿಗಿದುಕೊಂಡು, ಬೆಂಚಿಗೆ ಬೆನ್ನು ಮಾಡಿ ಒತ್ತುತ್ತಿದ್ದಳು. ನೀರು ಕುಡಿಯಲು ಎದ್ದರೂ ಯಂತ್ರ ಮುಚ್ಚಿಯೇ ಏಳುತ್ತಿದ್ದಳು. ಡಾಕ್ಟರು ಬೇಕೆಂದಾಗ ಅವರನ್ನೂ ಆಚೆ ತಿರುಗಿಸಿ ತೆರೆದುಕೊಡುತ್ತಿದ್ದಳು. ಆದರೆ ಹೀರಾಳಿಗೆ ಇದರಿಂದ ಏನಾದಂತಾಯಿತು? ಏನೂ ಇಲ್ಲ.

ಒಂದು ಮಧ್ಯಾಹ್ನ ಸುದ್ದಿ ಬಂತು. ರೊಟ್ಟಿ ಬಡಿಯುತ್ತಿದ್ದ ಹೀರಾ ಮೂರ್ಛೆ ಬಂದು ಒಲೆಯ ಮೇಲೆ ಬಿದ್ದಿದ್ದಳು. ಎಡಗೈ ಮೊಣಕೈವರೆಗೆ ಸುಟ್ಟಿತ್ತು. ಶಿವಕಾಂತಾ ಸುಟ್ಟ ಗಾಯದ ಮುಲಾಮು, ಗುಳಿಗೆ ಹಿಡಿದುಕೊಂಡು ಸಿಕ್ಕ ಟೆಂಪೋ ಹತ್ತಿದಳು. ಈ ಸಲ ಬಾಗಿಲು ತೆರೆದೇ ಇತ್ತು. ಹೀರಾ ಚಾಪೆಯ ಮೇಲೆ ಮಲಗಿದ್ದಳು. ಶಿವಕಾಂತಾ ಮುಲಾಮು ಹಚ್ಚಿದಳು, ಹುಡುಗಿ ಹಲ್ಲು ಕಚ್ಚಿ ತಡೆದುಕೊಂಡಳು. ಗುಳಿಗೆ ಬಿಚ್ಚಿ ಹಿಡಿದರೆ ಬಾಯಿ ತೆರೆಯಲಿಲ್ಲ.

"ಹೊಸಾ ಹೆಸರ ಹಾಕೀದಂತ. ಏನದು ಅಕ್ಕಾ?" ಎಂದಳು ಹೀರಾ.

ಶಿವಕಾಂತಾ ಗುಳಿಗೆಯನ್ನು ಮತ್ತೆ ಅವಳ ತುಟಿಯ ಹತ್ತಿರ ಹಿಡಿದಳು.

"ನಂದೇ ಬ್ಯಾನಿ ಅದರಾಗ ಇಟ್ಟೀದಿ. ನನಗರ ಹೇಳು."

ಮಾಳಮ್ಮ ಹೊಸ್ತಿಲಲ್ಲಿ ನಿಂತು, "ಹೇಳು, ತಗೋತಾಳ. ಇಲ್ಲಂದ್ರ ಎದ್ದು ನಡಿ" ಎಂದಳು.

ಶಿವಕಾಂತಾ ಹೀರಾಳ ಕಾಲು ಹಿಡಿದುಕೊಂಡಳು. ವಯಸ್ಸಿನಲ್ಲಿ ತಾಯಿಯಂಥವಳು, ಆ ಹುಡುಗಿಯ ಕಾಲಿಗೆ ಹಣೆ ಹಚ್ಚಿ ಅತ್ತಳು. "ನನ್ನ ಹೊಡೀ, ಉಗುಳು, ಊರ ಬಿಡಸು. ಗುಳಿಗಿ ತಗೋ ಯವ್ವಾ, ಸಾಯಬ್ಯಾಡ. ಆದ್ರ ಅದನ್ನ ಮಾತ್ರ ಹೇಳಂಗಿಲ್ಲ. ಅದರಾಗ ನಿನ್ನಂಥಾ ಎಷ್ಟೋ ಹೆಣ್ಮಕ್ಕಳು ಅದಾರ. ಡಾಕ್ಟರಿಗೂ ಹೇಳಿಲ್ಲ. ನೀ ಸಾಯ್ತೇನಂದ್ರೂ ಹೇಳಂಗಿಲ್ಲ."

ಮಾಳಮ್ಮ ಅವಳ ರಟ್ಟೆ ಹಿಡಿದು ಎಬ್ಬಿಸಲು ಬಂದಳು. ಹೀರಾ ತಾಯಿಯನ್ನು ತಡೆದಳು. ಸುಡದ ಕೈಯನ್ನು ನಿಧಾನವಾಗಿ ಮುಂದೆ ಚಾಚಿ, ಗುಳಿಗೆ ಇಸಿದುಕೊಂಡಳು.

"ಅವತ್ತೂ ಹಿಂಗ ಬಾಯಿ ಮುಚ್ಚಿದ್ದಿದ್ರ ಆಗತಿತ್ತಲ್ಲ ಅಕ್ಕಾ" ಎಂದಳು. ಆಮೇಲೆ ತಾಯಿಯ ಕಡೆ ತಿರುಗಿ ನೀರು ಕೇಳಿದಳು.