ಅಕ್ಕನ ನೀರು, ತಮ್ಮನ ತಲೆನೋವು

ಮೀಟರ್ ಮಾಮನಿಗೆ ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ತಲೆನೋವು ಬರುತ್ತಿತ್ತು. ಸರಕಾರಿ ನೌಕರನ ತಲೆಯಲ್ಲಿದ್ದೂ ಅದು ಒಂದು ದಿನವೂ ತಡವಾಗಿ ಬಂದದ್ದಿಲ್ಲ, ರಜೆ ಹಾಕಿದ್ದಿಲ್ಲ.

ಮಾಮ ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವವನು. ಮನೆ ಮನೆಗೆ ಹೋಗಿ, ಗೇಟಿನ ಪಕ್ಕದ ಗುಂಡಿಗೆ ಬಗ್ಗಿ, ಮುಚ್ಚಳ ಎತ್ತಿ, ಜೇಡರ ಬಲೆ ಒರೆಸಿ, ಟಾರ್ಚು ಬಿಟ್ಟು ಅಂಕಿ ಬರೆದುಕೊಳ್ಳುವ ಕೆಲಸ. ಇಪ್ಪತ್ತೊಂಬತ್ತು ವರ್ಷ ಹೀಗೆ ಬಗ್ಗಿ ಬಗ್ಗಿ, ಈಗ ಯಾರಾದರೂ ನಮಸ್ಕಾರ ಅಂದರೂ ಅವನ ಕಣ್ಣು ಮೊದಲು ಅವರ ಗೋಡೆಯ ಬುಡಕ್ಕೇ ಹೋಗುತ್ತಿತ್ತು. ಬೀದಿಯ ಮಕ್ಕಳು ಇಟ್ಟ 'ಮೀಟರ್ ಮಾಮ' ಎಂಬ ಹೆಸರು ಗಟ್ಟಿಯಾಗಿ ಅಂಟಿಕೊಂಡು, ಸ್ವಂತ ಹೆಸರು ಸಂಬಳದ ಚೀಟಿಗಷ್ಟೇ ಉಳಿದಿತ್ತು.

ಭಾನುವಾರ ಅವನು ಅಕ್ಕನ ಮನೆಗೆ ಸೈಕಲ್ ತುಳಿಯುತ್ತಿದ್ದ. ಮೂವತ್ತೆಂಟು ಕಿಲೋಮೀಟರ್ ಹೋಗುವುದು, ಅಷ್ಟೇ ಬರುವುದು. ಬಸ್ಸು ಹತ್ತಿದರೆ ಎರಡನೆಯ ತಿರುವಿಗೇ ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬರುತ್ತಿದ್ದುದರಿಂದ ಸೈಕಲ್ಲೇ ಗತಿ. ಕ್ಯಾರಿಯರ್ ಮೇಲೆ ಹಗ್ಗ ಬಿಗಿದು ಐದು ಲೀಟರಿನ ನೀರಿನ ಕ್ಯಾನು. ಅಕ್ಕನಿದ್ದ ಬಡಾವಣೆಯಲ್ಲಿ ಬರೀ ಬೋರ್‌ವೆಲ್ಲಿನ ಉಪ್ಪುನೀರು, ಅದರಲ್ಲಿ ಚಹಾ ಮಾಡಿದರೆ ಕಷಾಯ ಕುಡಿದ ಹಾಗೆ. ಅದಕ್ಕೇ ವಾರಕ್ಕೊಂದು ಕ್ಯಾನು ಸಿಹಿನೀರು. ನಾಲ್ಕು ವರ್ಷದಿಂದ ಒಂದು ವಾರವೂ ತಪ್ಪಿರಲಿಲ್ಲ.

ಅಕ್ಕ ಮನೆಯಲ್ಲೇ ಹೊಲಿಗೆ ಹಾಕುತ್ತಿದ್ದಳು. ಅರವತ್ತೆರಡಾದರೂ ಸೂಜಿಗೆ ದಾರ ತಾನೇ ಪೋಣಿಸುವ ಹೆಂಗಸು. ನಾಲಿಗೆಯೂ ಅಷ್ಟೇ ಚೂಪು. ಮೊದಮೊದಲು ತಮ್ಮ ಬಂದರೆ ಇಬ್ಬರೂ ಹೊಲಿಗೆ ಯಂತ್ರದ ಆಚೆ ಈಚೆ ಕೂತು ಊರವರನ್ನೆಲ್ಲ ಒಂದು ಸುತ್ತು ಆಡಿಕೊಳ್ಳುತ್ತಿದ್ದರು. ಈಚಿನ ಒಂದೂವರೆ ವರ್ಷದಿಂದ ಅದಕ್ಕೂ ಸಂಚಕಾರ ಬಂದಿತ್ತು. ಮಾಮ ಬಾಗಿಲಿಗೆ ಬರುವಾಗಲೇ ಒಂದು ಕಣ್ಣು ಮುಚ್ಚಿರುತ್ತಿತ್ತು. ಎಡಗಡೆಯ ಕಪಾಲದಲ್ಲಿ ಯಾರೋ ಸುತ್ತಿಗೆ ಹಿಡಿದು ಪೈಪು ಬಡಿದ ಹಾಗೆ. ಒಳಕೋಣೆಯ ಕಿಟಕಿ ಮುಚ್ಚಿಸಿ, ಹಣೆಗೆ ಒದ್ದೆ ಬಟ್ಟೆ ಹಾಕಿಸಿಕೊಂಡು ಮಧ್ಯಾಹ್ನದ ತನಕ ಮಲಗುವುದು, ಎದ್ದು ಎರಡು ತುತ್ತು ತಿಂದು ವಾಪಸ್ ತುಳಿಯುವುದು. ಯಂತ್ರದ ಸದ್ದು ತಮ್ಮನ ತಲೆಗೆ ತಾಗೀತೆಂದು ಅಕ್ಕ ಅಷ್ಟು ಹೊತ್ತೂ ಹೊಲಿಗೆ ನಿಲ್ಲಿಸಿ ಸುಮ್ಮನೆ ಕೂತಿರುತ್ತಿದ್ದಳು.

"ಲೋ, ನೀನು ನನ್ನ ನೋಡೋಕೆ ಬರ್ತೀಯೋ, ನಮ್ಮನೆ ಸೂರು ನೋಡೋಕೆ ಬರ್ತೀಯೋ?" ಎಂದು ಒಂದು ದಿನ ಕೇಳಿಯೇಬಿಟ್ಟಳು.

"ಸೂರೂ ಕಾಣಲ್ಲ ಅಕ್ಕ. ಕತ್ತಲೆ ಮಾಡಿರ್ತೀಯಲ್ಲ."

ಮನೆಯಲ್ಲಿ ಹೆಂಡತಿಯ ತಾಳ್ಮೆಯೂ ತಳ ಕಂಡಿತ್ತು. ಸೋಮವಾರವೆಲ್ಲ ಗಂಡ ಮಂಕಾಗಿ ಕೂರುವುದನ್ನು ನೋಡಿ ನೋಡಿ ಅವಳೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ರಕ್ತದೊತ್ತಡ ನೋಡಿದರು, ಕಣ್ಣಿಗೆ ಬೆಳಕು ಬಿಟ್ಟರು, ಕತ್ತು ತಿರುಗಿಸಿ ನೋಡಿದರು. ಗಾಬರಿ ಪಡುವಂಥದ್ದೇನೂ ಕಾಣಲಿಲ್ಲ.

"ಖಾಲಿ ಹೊಟ್ಟೇಲಿ ಹೊರಡ್ತೀರಾ?"

"ಹೌದು ಡಾಕ್ಟ್ರೇ. ಹೊಟ್ಟೆ ಹಗುರ ಇದ್ರೆ ಸೈಕಲ್ ಹಗುರ."

"ಬಿಸಿಲಿಗೆ ಕನ್ನಡಕ?"

"ಆಫೀಸಲ್ಲಿ ಕೊಟ್ಟಿಲ್ಲ."

"ಹೆಲ್ಮೆಟ್ಟು ಬಿಗಿ ಇದೆಯಾ?"

"ಬೀಳಬಾರದಲ್ಲ ಅಂತ ಬಿಗೀತೀನಿ."

"ನಿಮ್ಮ ತಲೇನೋ ಬಾಟ್ಲೀನೋ? ಸರಿ, ನೀರು?"

ನೀರಿನ ಮಾತು ಬಂದದ್ದೇ ಮಾಮ ಬೆನ್ನು ನೆಟ್ಟಗೆ ಮಾಡಿದ. "ಐದು ಲೀಟರ್ ಡಾಕ್ಟ್ರೇ. ಪ್ರತಿ ವಾರ. ತಪ್ಪಿಸಿದ್ದೇ ಇಲ್ಲ."

ಡಾಕ್ಟರು ಮೆಚ್ಚಿ ತಲೆದೂಗಿದರು. "ಇಂಥ ಪೇಷಂಟು ಅಪರೂಪ" ಎಂದು ಚೀಟಿಯಲ್ಲಿ ನೀರಿನ ಮುಂದೆ ಸರಿ ಗುರುತು ಹಾಕಿ, ಉಳಿದದ್ದನ್ನು ತಿದ್ದಿಕೊಳ್ಳಲು ಬರೆದುಕೊಟ್ಟರು: ತಿಂದು ಹೊರಡಬೇಕು, ಕಪ್ಪು ಕನ್ನಡಕ ಹಾಕಬೇಕು, ಹೆಲ್ಮೆಟ್ಟಿನ ಪಟ್ಟಿ ಸಡಿಲಿಸಬೇಕು, ಕತ್ತು ಎತ್ತಿ ಎತ್ತಿ ನೋಡುವ ಕಷ್ಟ ತಪ್ಪಲು ಹ್ಯಾಂಡಲ್ ಮೇಲೆ ಏರಿಸಬೇಕು.

ಬುದ್ಧಿ ಇದ್ದವರು ನಾಲ್ಕನ್ನೂ ಒಟ್ಟಿಗೆ ಮಾಡಿ ಮುಗಿಸುತ್ತಿದ್ದರು. ಮಾಮನಿಗೆ ಬುದ್ಧಿಯ ಜೊತೆಗೆ ಅನುಭವವೂ ಇತ್ತು, ತೊಂದರೆ ಆದದ್ದು ಅಲ್ಲೇ. ಪೈಪು ಎಲ್ಲಿ ಸೋರುತ್ತಿದೆ ಎಂದು ಹುಡುಕುವವನು ಎಲ್ಲ ವಾಲ್ವನ್ನೂ ಒಮ್ಮೆಲೇ ಮುಚ್ಚುವುದಿಲ್ಲ. ಒಂದು ಮುಚ್ಚಿ, ಮೀಟರ್ ನೋಡಿ, ಆಮೇಲೆ ಇನ್ನೊಂದು. ತಲೆನೋವಿಗೂ ಅದೇ ಕ್ರಮ ಹಿಡಿದ. ಹಳೆಯ ರೀಡಿಂಗ್ ಪುಸ್ತಕದಲ್ಲಿ ಗೆರೆ ಎಳೆದು ಬರೆದ: ಹಿಂದಿನ ರೀಡಿಂಗ್, ಈಗಿನ ರೀಡಿಂಗ್, ವ್ಯತ್ಯಾಸ. ಹತ್ತು ಎಂದರೆ ತಲೆ ಒಡೆದುಹೋಗುವಷ್ಟು, ಸೊನ್ನೆ ಎಂದರೆ ಮನುಷ್ಯನ ತಲೆ.

ಮೊದಲ ವಾರ ಹೆಲ್ಮೆಟ್ಟು ಸಡಿಲಿಸಿದ. ಒಂಬತ್ತು ಇದ್ದದ್ದು ಎಂಟಕ್ಕೆ ಬಂತು. ಮುಂದಿನ ವಾರ ಹೆಂಡತಿ ನಾಲ್ಕು ಬಾಳೆಹಣ್ಣು, ಬ್ರೆಡ್ಡು ತಿನ್ನಿಸಿ ಕಳಿಸಿದಳು, ಆರೂವರೆ. ಆ ಅರ್ಧ ಯೂನಿಟ್ಟನ್ನು ಹೇಗೆ ಅಳೆದನೋ, ಇಲಾಖೆಯವರಿಗೇ ಗೊತ್ತು. ಕಪ್ಪು ಕನ್ನಡಕ ಹಾಕಿದ ಭಾನುವಾರ ದಾರಿಯ ನಾಯಿಗಳು ಗುರುತು ಸಿಗದೆ ಅಟ್ಟಿಸಿಕೊಂಡು ಬಂದವು, ಆದರೂ ಐದಕ್ಕೆ ಇಳಿಯಿತು. ಹ್ಯಾಂಡಲ್ ಏರಿಸಿದ ಮೇಲೆ ನಾಲ್ಕು. ಅಲ್ಲಿಗೆ ಚೀಟಿಯೂ ಮುಗಿಯಿತು, ಹೆಂಡತಿಯ ಸಹನೆಯೂ ಮುಗಿಯಿತು.

"ರೀ, ಇದೇ ಕೊನೇ ಭಾನುವಾರ. ಸೊನ್ನೆ ಬಂದ್ರೆ ಸರಿ. ಇಲ್ಲಾಂದ್ರೆ ಸೈಕಲ್ಲು ಅಟ್ಟಕ್ಕೆ."

"ಅಕ್ಕನ ನೀರು?"

"ನೀರು ಲಾರೀಲಾದ್ರೂ ಹೋಗುತ್ತೆ. ನಿಮ್ಮ ತಲೆ ಒಂದೇ ಇರೋದು."

ನೀರು ಲಾರಿಯಲ್ಲಿ ಹೋಗಬಹುದು, ಮಾಮ ಹೋಗಲಾರ. ಅಕ್ಕನನ್ನು ನೋಡುವುದೇ ನಿಂತುಹೋಗುತ್ತದೆ ಎಂದು ಬಾಯಿಬಿಟ್ಟು ಹೇಳಲು ಐವತ್ಮೂರು ವರ್ಷದ ಗಂಡಸಿಗೆ ನಾಚಿಕೆ.

ಆ ಭಾನುವಾರ ಆರೂವರೆಗೆ ಹೊರಟ. ಹತ್ತನೆಯ ಕಿಲೋಮೀಟರಿನ ಸೇತುವೆಯ ಹತ್ತಿರ ಕ್ಯಾನಿನ ಹಗ್ಗ ಜಾರಿತು. ಇಳಿದು ಬಿಗಿಯುತ್ತ, ಎಂದಿನ ಅಭ್ಯಾಸದಂತೆ ನೀರಿನ ಮಟ್ಟ ನೋಡಿದ. ಕತ್ತಿನ ತನಕ ಇತ್ತು. ಅಕ್ಕನ ಮನೆ ಮುಟ್ಟಿದಾಗಲೂ ಕತ್ತಿನ ತನಕವೇ ಇರುತ್ತದೆ. ಹಿಂದಿನ ರೀಡಿಂಗ್ ಐದು, ಈಗಿನ ರೀಡಿಂಗ್ ಐದು, ಬಳಕೆ ಸೊನ್ನೆ.

ಮಾಮ ಸೇತುವೆಯ ಕಟ್ಟೆಯ ಮೇಲೆ ಕೂತ.

ಜನ ವಾಸವಿರುವ ಮನೆಯಲ್ಲಿ ಬಳಕೆ ಸೊನ್ನೆ ಎಂದರೆ ಅವನ ಕಚೇರಿಯಲ್ಲಿ ಎರಡೇ ಅರ್ಥ. ಮೀಟರ್ ಕೆಟ್ಟಿದೆ, ಇಲ್ಲವೇ ಮಾಲೀಕ ಕಳ್ಳ. ಎಷ್ಟೋ ಮನೆಯ ಗೇಟಿನಲ್ಲಿ ನಿಂತು ಅವನೇ ಗದರಿಸಿದ್ದ: "ಏನ್ ಸ್ವಾಮಿ, ಮನೇಲಿ ಆರು ಜನ, ಯಾರೂ ನೀರೇ ಕುಡಿಯಲ್ವಾ?" ಈಗ ಎರಡೂವರೆ ಗಂಟೆ ಬಿಸಿಲಲ್ಲಿ ಬೆವರು ಸುರಿಸುವ, ತನ್ನ ಮೈಯೆಂಬ ಈ ಮನೆಗೆ ಒಂದು ಹನಿ ನೀರು ಹೋಗಿಲ್ಲ. ಬೆನ್ನ ಹಿಂದೆ ಐದು ಲೀಟರ್ ಕುಲುಕುತ್ತಿದ್ದರೂ ಅದು ಅಕ್ಕನದು, ಮುಟ್ಟುವ ಹಾಗಿಲ್ಲ. ಡಾಕ್ಟರು ಸರಿ ಗುರುತು ಹಾಕಿದ್ದು ಸೈಕಲ್ಲು ಹೊತ್ತ ನೀರಿಗೆ.

ಎದ್ದು ಕ್ಯಾನಿನ ಹತ್ತಿರ ಬಂದ. "ಕ್ಷಮಿಸು ಅಕ್ಕ" ಎಂದು ಮುಚ್ಚಳ ತಿರುಗಿಸಿದ. ಒಮ್ಮೆಗೇ ಗಟಗಟ ಕುಡಿಯದೆ, ಕಾಲು ಗಂಟೆಗೊಮ್ಮೆ ಇಳಿದು ನಾಲ್ಕು ಗುಟುಕು, ಮತ್ತೆ ತುಳಿತ. ಪ್ರತಿ ವಾರ ಕಪಾಲದಲ್ಲಿ ಮೊದಲ ಏಟು ಬೀಳುತ್ತಿದ್ದ ಇಟ್ಟಿಗೆ ಗೂಡಿನ ತಿರುವು ಬಂತು. ಮಾಮ ಉಸಿರು ಬಿಗಿಹಿಡಿದು ಕಾದ. ತಿರುವು ದಾಟಿತು. ಪೈಪು ಬಡಿಯುವವನು ಕೆಲಸಕ್ಕೆ ಬಂದಿರಲಿಲ್ಲ.

ಅಕ್ಕ ಎಂದಿನಂತೆ ಒಳಕೋಣೆಯಲ್ಲಿ ಚಾಪೆ ಹಾಸಿ, ಕಿಟಕಿ ಮುಚ್ಚಿ, ಬಟ್ಟೆ ನೆನೆಸಿಟ್ಟು ಕಾದಿದ್ದಳು. ತಮ್ಮ ಎರಡೂ ಕಣ್ಣು ಬಿಟ್ಟುಕೊಂಡು ಬಂದದ್ದು ನೋಡಿ ಅವಳಿಗೇ ದಿಗಿಲಾಯಿತು.

"ಏನಾಯ್ತೋ? ಹುಷಾರಿಲ್ವಾ?"

"ಹುಷಾರಾಗಿದೀನಿ ಅಕ್ಕ. ಆದ್ರೆ ನಿನ್ನ ನೀರಲ್ಲಿ ಒಂದೂವರೆ ಲೀಟರ್ ಕುಡಿದುಬಿಟ್ಟೆ."

"ಅಯ್ಯೋ, ಕುಡಿದ್ರೆ ಕುಡಿದೆ ಬಿಡು, ಅದೇನು ಮಹಾ" ಎಂದು ಅಕ್ಕ ಕೈಬೀಸಿ ತಳ್ಳಿಹಾಕಿದಳು.

ನಾಲ್ಕು ವರ್ಷ ಹೊತ್ತ ನೀರಿಗೆ ಇಷ್ಟೇ ಬೆಲೆಯೇ ಎಂದು ಮಾಮನಿಗೆ ಸ್ವಲ್ಪ ಚುಚ್ಚಿತು. ಹಿತ್ತಲಿಗೆ ಹೋಗಿ ಮುಖ ತೊಳೆದ. ಅಭ್ಯಾಸಬಲ, ಕಣ್ಣು ಗೋಡೆಯ ಬುಡಕ್ಕೆ ಹೋಯಿತು. ಹೂವಿನ ಕುಂಡದ ಹಿಂದೆ ನೀಲಿ ಬಣ್ಣದ ಹೊಸ ಮೀಟರ್. ವಾರ ವಾರ ಅದರ ಪಕ್ಕದಲ್ಲೇ ತಲೆ ಹಿಡಿದುಕೊಂಡು ಹಾದುಹೋಗಿದ್ದ. ಊರಿನ ಎರಡು ಸಾವಿರ ಮೀಟರ್ ಕಂಡವನಿಗೆ ಇದೊಂದು ಕಂಡಿರಲಿಲ್ಲ. ಕುಂಡ ಸರಿಸಿ ಮಂಡಿಯೂರಿ ಓದಿದ. ತೊಂಬತ್ತೆಂಟು ಯೂನಿಟ್. ಒಬ್ಬಳೇ ಹೆಂಗಸು, ತಿಂಗಳಿಗೆ ಏಳು.

"ಅಕ್ಕಾ! ಹದಿನಾಲ್ಕು ತಿಂಗಳಿಂದ ಸಿಹಿನೀರು ಬರ್ತಿದೆಯಾ ನಿನಗೆ?"

ಒಳಗಿನಿಂದ ಉತ್ತರ ಬಂತು. "ಹದಿನೈದು. ಮೊದಲ್ನೇ ತಿಂಗಳು ನೀನು ನೋಡಿಬಿಡ್ತೀಯ ಅಂತ ನಲ್ಲಿ ತಿರುಗಿಸಲೇ ಇಲ್ಲ."

"ನಮ್ಮ ಆಫೀಸಲ್ಲೂ ಯಾರೂ ಹೇಳ್ಲಿಲ್ವಲ್ಲ!"

"ಇದು ಬೇರೆ ವಿಭಾಗವಂತೆ. ಮೊದಲೇ ಕೇಳ್ಕೊಂಡಿದ್ದೆ."

"ನಾನು ತಂದ ನೀರೆಲ್ಲ ಏನು ಮಾಡ್ತಿದ್ದೆ?"

"ಇಸ್ತ್ರಿ ಬಟ್ಟೆಗೆ ಚಿಮುಕಿಸ್ತಿದ್ದೆ. ಮತ್ತೆ ನಿನ್ನ ಹಣೆ ಬಟ್ಟೆ ಯಾವ ನೀರಲ್ಲಿ ನೆನೆಸ್ತಿದ್ದೆ ಅಂದ್ಕೊಂಡೆ?"

ಅಂತೂ ಆ ನೀರು ಅವನ ತಲೆಗೇ ಸೇರುತ್ತಿತ್ತು. ದಾರಿ ಮಾತ್ರ ತಪ್ಪಿ, ಒಳಗಿನಿಂದ ಹೋಗಬೇಕಾದದ್ದು ಹೊರಗಿನಿಂದ. ಮಾಮನಿಗೆ ಸಿಟ್ಟು ಬಂತು. "ಹೇಳೋದಕ್ಕೇನಾಗಿತ್ತು ನಿನಗೆ?"

ಅಕ್ಕ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಅಳತೆ ಟೇಪು, ಅದನ್ನೇ ಬೆರಳಿಗೆ ಸುತ್ತುತ್ತ, ಬಿಚ್ಚುತ್ತ. "ನೀರು ಬಂತು ಅಂದ್ರೆ ನೀನ್ಯಾಕೋ ಬರ್ತೀಯ? ಬರೀ ಅಕ್ಕನ ಮುಖ ನೋಡೋಕೆ ಯಾರು ಮೂವತ್ತೆಂಟು ಕಿಲೋಮೀಟರ್ ತುಳೀತಾರೆ?"

ಮಾಮ ಒದ್ದೆ ಮುಖವನ್ನು ತೋಳಿನಿಂದ ಒರೆಸಿಕೊಂಡ. "ಯಂತ್ರ ಓಡಿಸು. ತಲೆ ನೋಯ್ತಿಲ್ಲ" ಎಂದ.

ಮಧ್ಯಾಹ್ನದ ತನಕ ಯಂತ್ರ ಓಡಿತು. ಮಾಮ ಎದುರಿಗೆ ಕೂತು ಬಟ್ಟೆಯ ತುದಿ ಹಿಡಿದುಕೊಟ್ಟ. ತಿಂಗಳುಗಟ್ಟಲೆ ಬಾಕಿ ಉಳಿದಿದ್ದ ನೆಂಟರನ್ನೆಲ್ಲ ಒಬ್ಬೊಬ್ಬರನ್ನಾಗಿ ಎಳೆದು ತಂದು ಅಕ್ಕ ತಮ್ಮ ಆಡಿಕೊಂಡು ಮುಗಿಸಿದರು. ಹೊರಡುವಾಗ ಅಕ್ಕ ಕ್ಯಾನಿನಲ್ಲಿದ್ದುದನ್ನು ಕುಂಡಕ್ಕೆ ಸುರಿದು, ತನ್ನ ನಲ್ಲಿಯಿಂದ ತುಂಬಿಸಿ, ತಾನೇ ಹಗ್ಗ ಬಿಗಿದಳು.

"ಇದು ದಾರಿಗೆ. ಮನೆಗೆ ಹಾಗೇ ಒಯ್ದೆ ಅಂತ ಗೊತ್ತಾದ್ರೆ ನೋಡು."

ಸಂಜೆ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ಮಾಮ ಸೈಕಲ್ಲು ನಿಲ್ಲಿಸಿ, ಪುಸ್ತಕ ತೆಗೆದು, ಸೊನ್ನೆ ಬರೆದು ತೋರಿಸಿದ. ಅವಳು ಪುಸ್ತಕ ನಂಬಲಿಲ್ಲ. ಅವನ ಎರಡೂ ಕಣ್ಣು ನೋಡಿ, ಆಮೇಲೆ ಕ್ಯಾನಿನತ್ತ ಬಗ್ಗಿ ನೋಡಿದಳು. ಅರ್ಧಕ್ಕಿಂತ ಕೆಳಗೆ ಇಳಿದಿತ್ತು.

"ಅಕ್ಕನಿಗೆ ನಲ್ಲಿ ಬಂದಿದೆಯಂತೆ" ಎಂದ ಮಾಮ.

"ಹಾಗಾದ್ರೆ ಮುಂದಿನ ವಾರ ಯಾವ ನೆಪ?"

ಮಾಮ ಸೈಕಲ್ಲಿನ ಹಗ್ಗ ಬಿಚ್ಚಿದ. "ರೀಡಿಂಗ್ ತಗೋಬೇಕಲ್ಲ" ಎಂದ.